ತಳಮಳದ ಪೆಟ್ಟಿಗೆ

ಬೆಲ್ಲದ ವಾಸನೆ ಬಂತು, ಅಂದರೆ ಮದ್ದೂರು ಹಿಂದೆ ಬಿತ್ತು, ಮೇ ತಿಂಗಳಲ್ಲೂ ಯಾರೋ ಪುಣ್ಯಾತ್ಮ ಆಲೆಮನೆ ನಡೆಸುತ್ತಿದ್ದಾನೆ, ಕಿಟಕಿ ಪಕ್ಕ ಜಾಗ ಸಿಕ್ಕಿದ್ದು ಒಳ್ಳೆಯದಾಯಿತು, ಗಾಳಿ ಬಿಸಿಯಾದರೂ ಸಿಹಿ ಸಿಹಿ, ತೊಡೆಯ ಮೇಲೆ ಪೆಟ್ಟಿಗೆ, ಪೆಟ್ಟಿಗೆ ಮೇಲೆ ಕೊಡೆ, ಕೊಡೆ ಮೇಲೆ ನನ್ನ ಎರಡು ಕೈ, ಏನೂ ಮರೆತಿಲ್ಲ, ಪೆನ್ಸಿಲ್ ಇದೆ, ಅದು ಮುರಿದರೆ ಇನ್ನೊಂದಿದೆ, ಬೆಳಿಗ್ಗೆ ಮಂಡ್ಯದ ಮನೆ ಬಿಟ್ಟು ಬೀದಿ ತಿರುವಿನವರೆಗೆ ಬಂದವಳು ಬಾಗಿಲು ಹಾಕಿದೆನೋ ಇಲ್ಲವೋ ಎಂದು ವಾಪಸು ಹೋದೆ, ಅಮ್ಮ ಜಗಲಿಯಲ್ಲೇ ಹೂ ಕಟ್ಟುತ್ತ ಕೂತಿದ್ದಾಳೆ, ಕನಕಾ, ನಾನು ಮನೇಲೇ ಇರುವಾಗ ಬೀಗ ಹಾಕಿ ಯಾರನ್ನೇ ಕೂಡಿಹಾಕ್ತೀಯ — ನಗಲಿ, ತಿರುಮಲಮ್ಮನಿಗೆ ಮಗಳನ್ನು ಆಡಿಕೊಳ್ಳದಿದ್ದರೆ ತಿಂದದ್ದು ಅರಗುವುದಿಲ್ಲ, ನನ್ನ ತಳಮಳ ನಲವತ್ತಕ್ಕೆ ಮೂವತ್ತೊಂದು, ಮೇಷ್ಟ್ರು ಮೊದಲ ದಿನವೇ ನನ್ನನ್ನು ಕೂರಿಸಿ ಅಳೆದು ಹೇಳಿದ್ದಾರೆ, ಅಳೆಯುವವರು ಮೊದಲು ಅಳೆಸಿಕೊಳ್ಳಬೇಕು ಮಿಸ್ ಕನಕಲಕ್ಷ್ಮಿ, ಎಂದು. ಮೇಷ್ಟ್ರು ಅಂದರೆ ಮೈಸೂರಿನ ವೆಂಕಟರಾಮಯ್ಯನವರು, ಮನಶ್ಶಾಸ್ತ್ರದ ಪ್ರೊಫೆಸರು, ನ್ಯೂರಾಟಿಸಿಸಂ ಅನ್ನುವ ಗುಣ ಯಾರಲ್ಲಿ ಎಷ್ಟಿದೆ ಎಂದು ಅಳೆಯಲು ಈ ಪೆಟ್ಟಿಗೆ ಮಾಡಿಸಿದವರು, ಆ ಪದಕ್ಕೆ ಕನ್ನಡ ಹುಡುಕಿ ಸುಸ್ತಾದಾಗ ತಳಮಳ ಅನ್ನಿ ಸಾರ್ ಎಂದು ನಾನೇ ಕೊಟ್ಟದ್ದು, ಆ ಹೆಮ್ಮೆ ನನಗೆ ಇವತ್ತಿಗೂ ಇದೆ. ದೂರದ ದೇಶಗಳಲ್ಲಿ ಇದನ್ನು ಕಂಪ್ಯೂಟರ್ ಮಾಡುತ್ತದಂತೆ, ಒಂದು ಪ್ರಶ್ನೆ ಕೇಳುತ್ತದೆ, ಹೌದು ಎಂದರೆ ಇನ್ನೂ ಖಾರದ ಪ್ರಶ್ನೆ ಎತ್ತುತ್ತದೆ, ಇಲ್ಲ ಎಂದರೆ ಸಪ್ಪೆಯದು, ಹಾಗೆ ಮಂಡಿಯ ತಕ್ಕಡಿಯಂತೆ ಮೇಲೆ ಕೆಳಗೆ ತೂಗಿ ತೂಗಿ ಎಲ್ಲಿ ನಿಲ್ಲುತ್ತದೋ ಅದೇ ಆ ಮನುಷ್ಯನ ಅಳತೆ, ನಲವತ್ತು ಪ್ರಶ್ನೆಯಿದ್ದರೂ ಆರು ಕೇಳಿದರೆ ಸಾಕು. ನಮ್ಮಲ್ಲಿ ಆ ಯಂತ್ರವನ್ನು ಹೊತ್ತು ತರುವವರು ಯಾರು, ಕರೆಂಟು ಎಲ್ಲಿ, ಆದ್ದರಿಂದ ನಲವತ್ತು ಕಾರ್ಡು, ಪ್ರತಿ ಕಾರ್ಡಿನ ಬೆನ್ನಿಗೆ ಹೌದಾದರೆ ಇಷ್ಟನೇ ನಂಬರು, ಇಲ್ಲವಾದರೆ ಇಷ್ಟನೇ ನಂಬರು, ಮತ್ತು ಯಂತ್ರದ ಬದಲು ನಾನು. ಈ ದಾರಿಯ ಕಂಡಕ್ಟರನ ಬಾಯಲ್ಲಿ ನಾನು ಕಂಪೂಟ್ರಮ್ಮ. ಕಂಪೂಟ್ರಮ್ಮಾರೆ, ಚಿಕ್ಕರಸಿನಕೆರೆಗೊ, ಕೊಪ್ಲು ಗೇಟ್ಗೊ? ಕೊಪ್ಪಲು ಗೇಟಿಗಪ್ಪ, ಇವತ್ತು ಕೊಪ್ಪಲಿಗೇ.

ಕೊಪ್ಪಲು, ಚಿಕ್ಕರಸಿನಕೆರೆಯಿಂದ ಒಂದೂವರೆ ಮೈಲಿ ಒಳಕ್ಕೆ ನಾಲೆಯ ಏರಿ ಹಿಡಿದು ಹೋಗಬೇಕು, ಅಕ್ಟೋಬರಿನಲ್ಲಿ ಮೊದಲ ಸಲ ಬಂದಾಗ ನಾಲೆ ದಡ ಮುಟ್ಟಿ ಹರಿಯುತ್ತಿತ್ತು, ಎರಡೂ ಕಡೆ ಭತ್ತ ಹೊಡೆ ತುಂಬಿ ನಿಂತಿತ್ತು, ಚಪ್ಪಲಿ ಕೈಯಲ್ಲಿ ಹಿಡಿದು ನಡೆದೆ, ನಲವತ್ತೆಂಟು ಜನರನ್ನು ಕೇಳಿದೆ, ಎಲ್ಲರದೂ ಒಂದೇ ರಾಗ, ನಿದ್ದೆ ಚೆನ್ನಾಗಿ ಬತ್ತದೆ, ಭಯವೂ ಇಲ್ಲ ಗಿಯವೂ ಇಲ್ಲ, ನಾಲ್ಕು, ಏಳು, ಮೂರು, ಒಂಬತ್ತು, ಇಷ್ಟು ನೆಮ್ಮದಿಯ ಊರನ್ನು ನಾನು ಮದ್ದೂರು ಮಳವಳ್ಳಿ ಎರಡು ತಾಲ್ಲೂಕಿನಲ್ಲೂ ಕಂಡಿರಲಿಲ್ಲ. ಕಡೆಗೆ ಮಾಯಮ್ಮ. ಐವತ್ತರ ಹೆಂಗಸು, ಕಣ್ಣು ಕೆಂಪು, ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತೇ ಉತ್ತರ ಕೊಟ್ಟಳು, ಕೂತ್ಕೊಳ್ಳಿ ಮಾಯಮ್ಮ ಎಂದರೆ ಕೂತ್ರೆ ಏಳಾಕಿಲ್ಲ ಕೇಳಿ ಅಂದಳು. ಇಪ್ಪತ್ತನೇ ಕಾರ್ಡಿನಿಂದ ಶುರು, ಎಲ್ಲರಿಗೂ ಅಲ್ಲಿಂದಲೇ, ರಾತ್ರಿ ನಡುವೆ ಎಚ್ಚರವಾಗುತ್ತದೆಯೇ? ಊಂ. ಮೂವತ್ತು, ಎದ್ದು ಹೊರಗೆ ಓಡಾಡುತ್ತೀರಾ? ಊಂ. ಮೂವತ್ತೈದು, ಮಾಡಿ ಮುಗಿಸಿದ ಕೆಲಸವನ್ನು ಮತ್ತೆ ಮತ್ತೆ ಹೋಗಿ ನೋಡುತ್ತೀರಾ? ನೋಡ್ದೆ? ನೋಡ್ತೀನಿ. ಮೂವತ್ತೆಂಟು, ಬೇರೆಯವರಿಗೆ ಕೇಳಿಸದ ಸದ್ದು ನಿಮಗೆ ಕೇಳಿಸುತ್ತದೆಯೇ? ಕೇಳುಸ್ತದೆ. ಅಲ್ಲಿಯವರೆಗೆ ಯಾರಿಗೂ ಆ ಕಾರ್ಡು ತೆಗೆದಿರಲಿಲ್ಲ. ಮೂವತ್ತೊಂಬತ್ತು, ಈಗಲೋ ಆಗಲೋ ಏನೋ ಕೆಡುತ್ತದೆ ಎಂದು ಅನ್ನಿಸುತ್ತಿರುತ್ತದೆಯೇ? ಊಂ. ನಲವತ್ತು, ಕೆಂಪು ಅಂಚಿನದು, ಜನ ನಿಮ್ಮ ಕಣ್ಣು ತಪ್ಪಿಸಿ ಮೋಸ ಮಾಡುತ್ತಾರೆ ಅನ್ನಿಸುತ್ತದೆಯೇ? ಮಾಯಮ್ಮ ಆಗ ನಕ್ಕಳು, ಅನ್ಸಾದೇನ್ ಬಂತು ಅಮ್ಮಾವ್ರೆ, ಮಾಡ್ತಾರೆ! ನಾನು ಹೌದು ಎಂದು ಗೀಚಿದೆ, ನಗುವನ್ನು ಬರೆದುಕೊಳ್ಳಲು ಜಾಗವಿರಲಿಲ್ಲ, ಉದ್ಯೋಗ ಎಂಬಲ್ಲಿ ಕೂಲಿ ಎಂದು ಬರೆದಿದ್ದೆ, ಆ ಹಾಳೆಯಲ್ಲಿ ಹೆಂಗಸರಿಗೆ ಕೂಲಿ, ಮನೆಗೆಲಸ, ಟೀಚರು ಮೂರೇ ಇದ್ದವು, ನಾನು ಕೇಳಲೂ ಇಲ್ಲ, ಹೊತ್ತಾಗಿತ್ತು. ನಲವತ್ತಕ್ಕೆ ನಲವತ್ತು, ಎರಡು ತಾಲ್ಲೂಕಿಗೇ ಮೊದಲನೆಯವಳು.

ಆಮೇಲೆ ನಾನು ಮಾಡಿದ್ದು, ಅದನ್ನು ನೆನೆದರೆ ಈ ಬಿಸಿಲಲ್ಲೂ ಕಿವಿ ಕಾಯುತ್ತದೆ, ಊರ ಯಜಮಾನ ಚಿಕ್ಕಬೋರಯ್ಯನವರ ಮನೆಯಲ್ಲಿ ಕಾಫಿ ಕೊಟ್ಟರು, ದೊಡ್ಡ ಲೋಟದ ತುಂಬ, ಹಾಲು ಜಾಸ್ತಿ ಹಾಕಿ, ಅವರು ಪಕ್ಕದ ಕಂಬಕ್ಕೆ ಒರಗಿ ಎಷ್ಟು ಮರ್ಯಾದೆಯಿಂದ ಕೇಳಿದರು, ಅಲ್ಲ ಕಣಮ್ಮ, ಯಾರ್ಗೆ ಜಾಸ್ತಿ ಬಂತು, ಯಾರ್ಗೆ ಕಮ್ಮಿ ಬಂತು, ಪರೀಕ್ಸೆ ಅಂದ್ಮ್ಯಾಲೆ ಪಾಸು ಪೇಲು ಇರ್ಬೇಕಲ್ಲ? ಅಷ್ಟು ಉಪಚಾರ ಮಾಡಿದ ಮನೆಯಲ್ಲಿ ಕೇಳಿದ್ದಕ್ಕೆ ಮುಖ ತಿರುಗಿಸಿ ಏಳುವುದು ಹೇಗೆ, ಅಷ್ಟೇ ಅಲ್ಲ, ಸುಳ್ಳೇಕೆ, ಪೆಟ್ಟಿಗೆಯ ಬಗ್ಗೆ ಜಂಬವೂ ಇತ್ತು, ಆರೇ ಪ್ರಶ್ನೆಯಲ್ಲಿ ಹೇಗೆ ಹಿಡಿಯುತ್ತದೆ ನೋಡಿ ಎಂದು ತೋರಿಸುವ ಆಸೆ, ಮಾಯಮ್ಮನಿಗೆ ನಲವತ್ತು, ನಿಮಗೆ ಎರಡು, ನಿಮ್ಮ ಭಾಮೈದ ಪುಟ್ಟರಾಜುವಿಗೆ ಒಂದು ಎಂದು ಹೇಳಿಯೇಬಿಟ್ಟೆ. ಅವರು ಎರಡು ಎಂದರೆ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳಿ, ತಳಮಳ ಕಡಿಮೆ ಎಂದರೆ ಒಳ್ಳೆಯದೇ ಎಂದು ನಾನು ಹೇಳಿ, ಇಬ್ಬರೂ ಸಂತೋಷಪಟ್ಟೆವು. ಏಳು ತಿಂಗಳು ನನಗದು ನೆನಪೂ ಇರಲಿಲ್ಲ. ಕಳೆದ ವಾರ ಮಾಯಮ್ಮ ಮಂಡ್ಯದ ನಮ್ಮ ಮನೆ ಹುಡುಕಿಕೊಂಡು ಬಂದಳು, ಎರಡು ಬಸ್ಸು ಬದಲಾಯಿಸಿ, ಜಗಲಿಯ ತುದಿಯಲ್ಲಿ ಕೂತಳು, ಅಮ್ಮ ಮಜ್ಜಿಗೆ ಕೊಟ್ಟಳು, ಕುಡಿದು ಲೋಟ ತೊಳೆದಿಟ್ಟು, ಅಮ್ಮಾವ್ರೆ, ನನ್ ತಲೆ ನೆಟ್ಟಗಿಲ್ಲ ಅಂತ ಬರ್ಕಂಡ್ ಓಗಿದ್ದೀರಂತಲ್ಲ, ಊರೆಲ್ಲ ಆಡ್ಕತಾವ್ರೆ. ಜಗಳವಾಡಲು ಬಂದಿರಲಿಲ್ಲ, ಅದೇ ನನಗೆ ತಡೆಯಲಾಗಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ನನ್ ಗಂಡ ನೀರುಗಂಟಿ, ಅವ್ನು ಸತ್ತು ಆರು ವರ್ಸ, ಆರು ವರ್ಸದಿಂದ ಊರ್ಗೆಲ್ಲ ನಾನೇ ನೀರ್ ಕಟ್ತಾ ಇವ್ನಿ, ಸುಗ್ಗೀಲಿ ಮನೆಗೊಂದೊರೆ ಕೊಡ್ತಾರೆ, ಅದ್ರಲ್ಲಿ ಉಣ್ತೀನಿ, ಈಗ ನಾಲೆ ಬುಡೋ ಸೋಮಾರ ಕಟ್ಟೆತಾವ ಸೇರಿ ನೀರ್ನ ಪುಟ್ರಾಜೂಗೆ ಕೊಡ್ತಾರಂತೆ, ತಳಮಳದೋಳ ಕೈಲಿ ತೂಬು ಇರ್ಬಾರ್ದಂತೆ, ನೀವೇ ಏಳಿದ್ರಂತೆ. ನೀರುಗಂಟಿ! ಹಗಲು ನಾಲೆಯ ಮೇಲ್ತುದಿಯ ತಲೆಗದ್ದೆಗಳ ಸರದಿ, ರಾತ್ರಿ ಕೆಳತುದಿಯ ಬಾಲದ ಗದ್ದೆಗಳ ಸರದಿ, ಲಾಟೀನು ಹಿಡಿದು ಎದ್ದು ಓಡಾಡದೆ ಇನ್ನೇನು, ಗದ್ದೆಗೆ ನೀರು ಹಾಯುವ ಬಾಯಿಗೆ ಕಟ್ಟಿದ ಮಡೆ ಕಿತ್ತುಹೋಗಿದೆಯೋ ಎಂದು ಮತ್ತೆ ಮತ್ತೆ ನೋಡದೆ ಇನ್ನೇನು, ಏರಿ ಸೋರುವ ಸದ್ದು ಅವಳಿಗಲ್ಲದೆ ಇನ್ನಾರಿಗೆ ಕೇಳಬೇಕು, ಕಣ್ಣು ತಪ್ಪಿಸಿ ಮಡೆ ಒಡೆದುಕೊಳ್ಳುವ ಗಂಡಸರನ್ನು ನೆನೆದು ತಾನೇ ಅವಳು ನಕ್ಕದ್ದು. ಆರು ಕಾರ್ಡಿನಲ್ಲಿ ಪೆಟ್ಟಿಗೆ ಹಿಡಿದದ್ದು ಅವಳ ಗುಣವನ್ನಲ್ಲ, ಅವಳ ಕೆಲಸವನ್ನು. ಅಮ್ಮ ಒಳಗಿನಿಂದಲೇ ಹೇಳಿದಳು, ಅವರ ಅನ್ನದ ಮೇಲೆ ಕಲ್ಲು ಹಾಕಿ ಬಂದಿದೀಯಲ್ಲೇ ಕನಕಾ.

ಮಾರನೇ ದಿನವೇ ರೈಲು ಹತ್ತಿ ಮೈಸೂರಿಗೆ ಹೋದೆ, ಅದೂ ನೆನಪಾಗುತ್ತದೆ, ಮೇಷ್ಟ್ರ ಕೋಣೆಯ ಫ್ಯಾನು ಟಕಟಕ ಅನ್ನುತ್ತಿತ್ತು, ನನ್ನ ಎದೆಯೂ, ಮೂವತ್ತೊಂದು ನಂಬರಿನವಳು ಪ್ರೊಫೆಸರರ ಎದುರು ವಾದ ಮಾಡಬೇಕು. ಸಾರ್, ಈಗ ನಾಲೆ ನಿಂತಿದೆ, ದುರಸ್ತಿಗೆ ಬಂದ್ ಮಾಡಿದ್ದಾರೆ, ಸೋಮವಾರದ ಒಳಗೆ ಅವಳನ್ನು ಇನ್ನೊಂದು ಸಲ ಕೇಳಬೇಕು. ಒಮ್ಮೆ ಕೇಳಿದವರನ್ನು ಮತ್ತೆ ಕೇಳುವ ಹಾಗಿಲ್ಲ ಅನ್ನೋದು ನಿಮಗೆ ಗೊತ್ತಿಲ್ಲವೇ ಮಿಸ್ ಕನಕಲಕ್ಷ್ಮಿ, ಗುಣ ಅಂದರೆ ಅಕ್ಟೋಬರಿನಲ್ಲೂ ಅದೇ, ಮೇನಲ್ಲೂ ಅದೇ, ಬದಲಾದರೆ ಅದು ಗುಣವೇ ಅಲ್ಲ. ಹಾಗಾದರೆ ಬದಲಾಗೋದಿಲ್ಲವಲ್ಲ ಸಾರ್, ಕೇಳಿದರೆ ನಷ್ಟವೇನು, ಎಂದು ನನ್ನ ಬಾಯಿಂದಲೇ ಬಂತು, ಎಲ್ಲಿತ್ತೋ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು, ಬಹಳ ಹೊತ್ತು ಒರೆಸಿದರು, ಕೆಟ್ಟವರಲ್ಲ ಅವರು, ಬದಲಾದರೆ ನೀವು ಬರೆದು ತಂದ ಆರುನೂರು ಹಾಳೆಗೂ ಅರ್ಥವಿರೋದಿಲ್ಲ, ಅದು ತಿಳಿದೇ ಕೇಳ್ತಿದೀರಾ? ತಿಳಿದೇ ಸಾರ್. ಕೇಳಿ ಹಾಗಾದರೆ, ಆದರೆ ಅವಳಿಗೆ ಏನೂ ಹೇಳಿಕೊಡಬೇಡಿ, ಬಾಯಲ್ಲಿ ಹೇಳಿದ್ದನ್ನು ಮಾತ್ರ ಬರೀರಿ, ಊರಿನವರೊಬ್ಬರು ಸಾಕ್ಷಿಗಿರಲಿ. ಕೆಲಸ ಹೋದರೆ ಹೋಗಲಿ ಎಂದು ಆ ಗಳಿಗೆಯಲ್ಲಿ ಅನ್ನಿಸಿದ್ದು ನಿಜ, ವಾಪಸು ಬರುವಾಗ ಪಾಂಡವಪುರ ದಾಟಿದ ಮೇಲೆ ಅಯ್ಯೋ ಅನ್ನಿಸಿದ್ದೂ ನಿಜ.

ಗೇಟಿನಲ್ಲಿ ಇಳಿದೆ, ಸಾಕ್ಷಿ ಆಗಲೇ ನಿಂತಿದೆ, ಬಿಳಿ ಪಂಚೆ, ಬಗಲಲ್ಲಿ ಟವಲು, ಚಿಕ್ಕಬೋರಯ್ಯನವರೇ, ನಾನು ಕಾಗದ ಬರೆದದ್ದು ಅವರಿಗೇ, ಅವರ ಕಿವಿಯಲ್ಲೇ ಬೀಳಬೇಕು, ಬೇರೆ ಯಾರು ಕೇಳಿದರೂ ಪ್ರಯೋಜನವಿಲ್ಲ. ಬಂದ್ರಾ ಕಣಮ್ಮ, ಒಂದ್ಸಲ ಪೇಲಾದೋಳ್ಗೆ ಇನ್ನೊಂದ್ಸಲ ಪರೀಕ್ಸೆನಾ, ನಮ್ ಪುಟ್ರಾಜು ಒಂದೇ ಸಲಕ್ಕೆ ಪಾಸಾಗ್ಲಿಲ್ವಾ? ನಗುತ್ತಾರೆ, ನಾನೂ ನಗುತ್ತೇನೆ, ನಾಲೆ ಬತ್ತಿ ಬಿಳುಪಾಗಿದೆ, ತಳದಲ್ಲಿ ಒಡೆದ ಮಣ್ಣು, ಒಂದು ಕೊಕ್ಕರೆ ಏನೂ ಸಿಗದಿದ್ದರೂ ಗಂಭೀರವಾಗಿ ನಡೆದಾಡುತ್ತಿದೆ, ಹೊಂಗೆಮರಗಳು ಮಾತ್ರ ಹೊಸ ಎಲೆ ಬಿಟ್ಟು ತಣ್ಣಗಿವೆ, ಎಷ್ಟು ಚೆನ್ನಾಗಿದೆ, ಇಂಥ ಹೊತ್ತಿನಲ್ಲೂ ಚೆನ್ನಾಗಿದೆ ಅನ್ನಿಸುತ್ತದಲ್ಲ ನನಗೆ, ಮೂವತ್ತೊಂದು ನಂಬರಿನವಳಿಗೆ. ಮಾಯಮ್ಮ ಸೇತುವೆ ಕೆಳಗೆ ತೂಬಿನ ಬಾಯಲ್ಲಿ ಹೂಳು ತೆಗೆಯುತ್ತಿದ್ದಳು, ಯಾರೂ ಹೇಳಿಲ್ಲ, ಸೋಮವಾರ ನೀರು ಯಾರ ಕೈಗೆ ಹೋಗುತ್ತದೋ ಗೊತ್ತಿಲ್ಲ, ಆದರೂ ತೆಗೆಯುತ್ತಿದ್ದಳು, ಮುಂಜಾನೆಯಿಂದಲೂ ಇರಬೇಕು, ಗುಡ್ಡೆ ಮೊಳಕಾಲಿಗೆ ಬಂದಿದೆ. ಗುದ್ದಲಿ ಬದಿಗಿಟ್ಟು, ನೆರಳಲ್ಲಿ ಗೋಡೆಗೆ ಬೆನ್ನು ಕೊಟ್ಟು, ಈ ಸಲ ಕೂತಳು. ಚಿಕ್ಕಬೋರಯ್ಯನವರು ಎದುರಿನ ಕಲ್ಲಿನ ಮೇಲೆ. ಇಪ್ಪತ್ತನೇ ಕಾರ್ಡು, ರಾತ್ರಿ ನಡುವೆ ಎಚ್ಚರವಾಗುತ್ತದೆಯೇ? ನಾಲೆ ನಿಂತದಲ್ಲ ಅಮ್ಮಾವ್ರೆ, ಯಾತುಕ್ಕೆ ಎಚ್ರಾಗ್ತದೆ, ಇಲ್ಲ. ಆಹಾ, ಏಳ್ಕೊಟ್ಟವ್ರೆ, ಚಿಕ್ಕಬೋರಯ್ಯನವರು ನನ್ನ ಕಡೆ ನೋಡಿದರು. ಹತ್ತು, ಸಣ್ಣ ಮಾತಿಗೂ ಎದೆ ಡವಗುಟ್ಟುತ್ತದೆಯೇ? ಇಲ್ಲ. ಐದು, ಒಂದೇ ಯೋಚನೆ ತಲೆಯಲ್ಲಿ ಸುತ್ತುತ್ತಿರುತ್ತದೆಯೇ? ಮಾಯಮ್ಮ ಆಕಳಿಸಿದಳು, ಕಣ್ಣಲ್ಲಿ ನೀರು ಬರುವಷ್ಟು, ಇಲ್ಲ ಕಣ್ರವ್ವ. ಏಳ್ಕೊಟ್ಟಂಗೇ ಆಡ್ತಾವ್ಳೆ ಬುಡಿ, ನಾಲ್ಗೆ ಎಂಗ್ ಬೇಕಾದ್ರೂ ವಳ್ಳಾಡ್ತದೆ. ಯಜಮಾನರು ಹಾಗೆಂದಾಗ ನಾನು ಮುಂದಿನ ಕಾರ್ಡಿಗೆ ಕೈ ಹಾಕಿದೆ, ಬರೀ ಮಾತಿನ ಮೇಲೆ ನಿಂತ ಪೆಟ್ಟಿಗೆ, ಮಾತನ್ನೇ ನಂಬುವುದಿಲ್ಲ ಎಂದರೆ ಮುಗಿಯಿತು, ಸೋಮವಾರ ಇದನ್ನೇ ಕಟ್ಟೆಯ ಮೇಲೆ ಹೇಳುತ್ತಾರೆ, ಮಂಡ್ಯದಮ್ಮನೂ ಮಾಯಮ್ಮನೂ ಸೇರಿ ಆಡಿದ ನಾಟಕ ಎಂದು. ಮೂರು, ಇಲ್ಲ. ಎರಡು, ಒಬ್ಬರೇ ಕೂತಾಗ ಮನಸ್ಸು ಭಾರವಾಗುತ್ತದೆಯೇ, ಸ್ವಲ್ಪ ತಡವಾಗಿ, ಗಂಟಲಲ್ಲೇ, ಇಲ್ಲ. ಒಂದು, ಇದೇ ಕಡೆಯದು, ಇದಕ್ಕಿಂತ ಸಪ್ಪೆಯ ಪ್ರಶ್ನೆ ಪೆಟ್ಟಿಗೆಯಲ್ಲಿಲ್ಲ, ಮಾಯಮ್ಮ, ಒಂದೊಂದು ದಿನವಾದರೂ ಮಲಗಿದ ಮೇಲೆ ನಿದ್ದೆ ಬರುವುದು ತಡವಾಗುತ್ತದೆಯೇ? ಮಾಯಮ್ಮ? ತಲೆ ಎತ್ತಿ ನೋಡುತ್ತೇನೆ.

ನಿದ್ದೆ ಹೋಗಿದ್ದಾಳೆ. ಕೂತ ಹಾಗೆಯೇ, ತಲೆ ಗೋಡೆಗೆ ಆನಿ, ಬಾಯಿ ತೆರೆದು, ಮಣ್ಣು ಮೆತ್ತಿದ ಎರಡು ಅಂಗೈ ಮಡಿಲಲ್ಲಿ ಅಂಗಾತ, ನನ್ನ ಪ್ರಶ್ನೆ ಮುಗಿಯುವುದರೊಳಗೆ, ಇದನ್ನು ನಾನು ಹೇಳಿಕೊಡಲು ಸಾಧ್ಯವೇ, ಯಾರಾದರೂ ಯಾರಿಗಾದರೂ ಹೇಳಿಕೊಡಲು ಸಾಧ್ಯವೇ? ಸಣ್ಣದಾಗಿ ಗೊರಕೆ. ಚಿಕ್ಕಬೋರಯ್ಯನವರು ಎದ್ದು ಬಂದು ಬಗ್ಗಿ ನೋಡಿದರು, ನೆಪಾನಾ, ಅಂದರು, ಬಾಯಿಯ ಹತ್ತಿರ ಟವಲು ಬೀಸಿದರು, ಒಂದು ನೊಣ ಎದ್ದು ಹೋಯಿತು, ರೆಪ್ಪೆ ಅಲುಗಲಿಲ್ಲ. ಬೀಸಿದ ಟವಲನ್ನು ಮಡಿಸಿ ಹೆಗಲಿಗೆ ಹಾಕಿಕೊಂಡರು. ಆಗ ನನಗೆ ಎಲ್ಲಿಂದ ಬಂತೋ ಧೈರ್ಯ, ದನಿ ಮಾತ್ರ ತಗ್ಗಿಸಿ, ಯಜಮಾನರೆ, ಅಕ್ಟೋಬರಿನಲ್ಲಿ ಇದೇ ಪೆಟ್ಟಿಗೆ ನಿಮಗೆ ಎರಡು ಕೊಟ್ಟಿತ್ತು, ನೀವೇ ಹೇಳಿದ್ದಿರಿ, ಉಂಡು ಮಲಗಿದರೆ ಕೋಳಿ ಕೂಗುವವರೆಗೆ ಮಿಸುಕುವುದಿಲ್ಲ ಎಂದು, ನಿಮ್ಮ ಗದ್ದೆ ನಾಲೆಯ ಬಾಲದಲ್ಲಲ್ಲವೇ, ಅದಕ್ಕೆ ರಾತ್ರಿ ಸರದಿಯಲ್ಲಿ ನೀರು ಬಂದದ್ದು ಹೇಗೆ? ಅವರು ಒಣಗಿದ ನಾಲೆಯನ್ನು ನೋಡಿದರು. ಪುಟ್ಟರಾಜುವಿಗೆ ಒಂದು ಬಂದಿತ್ತು, ಎರಡು ತಾಲ್ಲೂಕಿಗೇ ಕಡಿಮೆ, ಕೂತಲ್ಲಿ ನಿದ್ದೆ, ನಿಂತಲ್ಲಿ ನಿದ್ದೆ, ಅಂಥವನ ಕೈಗೆ ನಿಮ್ಮ ರಾತ್ರಿಯ ನೀರು ಕೊಡುತ್ತೀರಲ್ಲ, ನನ್ನ ಪೆಟ್ಟಿಗೆಯ ಮಾತು ಕೇಳಿ ಕೊಡುತ್ತಿದ್ದೀರಲ್ಲ, ಅದಕ್ಕೇ ಹೇಳುತ್ತಿದ್ದೇನೆ, ತಪ್ಪು ನನ್ನದು, ಈ ಊರಿನ ನಲವತ್ತೆಂಟು ಜನರ ನಿದ್ದೆಯನ್ನು ಬರೆದುಕೊಂಡೆ, ಅದನ್ನು ಕಾಯುತ್ತಿದ್ದವಳು ಯಾರು ಎಂದು ಕೇಳಲಿಲ್ಲ. ಎಬ್ಬಿಸ್ತೀನಿ ಇರಿ, ಒಂದು ಪ್ರಶ್ನೆ ಉಳಿದಿದೆ ಎಂದು ಕೈ ಚಾಚಿದೆ. ಏ, ಬ್ಯಾಡ, ಎಬ್ಬುಸ್ಬ್ಯಾಡಿ, ಚಿಕ್ಕಬೋರಯ್ಯನವರು ಪಿಸುಗುಟ್ಟಿದರು, ಅಷ್ಟು ದೊಡ್ಡ ಗಂಟಲಿನ ಮನುಷ್ಯ ಪಿಸುಗುಟ್ಟಿದರು, ಮನೀಕಳ್ಳಿ ಬುಡಿ, ಸೋಮಾರ ನೀರ್ ಬತ್ತದೆ, ಆಮ್ಯಾಕೆ ಇವ್ಳ್ಗೆಲ್ಲಿ ನಿದ್ದೆ. ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡು ಒಣ ಮಣ್ಣಿನ ಮೇಲೆ ಸದ್ದಾಗದ ಹಾಗೆ ನಡೆದು ಏರಿ ಹತ್ತಿ ಹೋದರು. ಇವ್ಳ್ಗೆಲ್ಲಿ ನಿದ್ದೆ, ಅಂದರಲ್ಲ, ಅಂದರೆ ನೀರು ಇವಳದೇ, ಇವಳ ಕೈಯಲ್ಲೇ, ಯಜಮಾನರ ಬಾಯಿಂದಲೇ ಬಂತು, ನನಗೆ ಜೋರಾಗಿ ನಗಬೇಕು ಅನ್ನಿಸುತ್ತಿದೆ, ನಗುವ ಹಾಗಿಲ್ಲ, ಏಳುತ್ತಾಳೆ. ನಲವತ್ತರಿಂದ ಒಂದಕ್ಕೆ, ಪೆಟ್ಟಿಗೆಯ ಆ ತುದಿಯಿಂದ ಈ ತುದಿಗೆ, ಒಬ್ಬಳೇ ಹೆಂಗಸು, ಮೇಷ್ಟ್ರು ಕನ್ನಡಕ ಒರೆಸುತ್ತಾರೆ, ಆರುನೂರು ಹಾಳೆ ಮತ್ತೆ ನೋಡಬೇಕು, ಯಾರನ್ನು ಯಾವ ತಿಂಗಳಲ್ಲಿ ಕೇಳಿದೆವು, ಅವರು ರಾತ್ರಿ ಏನು ಕಾಯುತ್ತಿದ್ದರು, ಎಲ್ಲ ಹೊಸದಾಗಿ ಬರೆಯಬೇಕು, ಬರೆಯುತ್ತೇನೆ, ಉದ್ಯೋಗದ ಜಾಗದಲ್ಲಿ ಕೂಲಿ ಹೊಡೆದುಹಾಕಿ ನೀರುಗಂಟಿ ಎಂದು ಈಗಲೇ ಬರೆದೆ, ದೊಡ್ಡ ಅಕ್ಷರದಲ್ಲಿ. ನನಗೆ ಸಂತೋಷವಾಗಿದೆ, ಸುಮ್ಮನೆ ಹೇಳಿಬಿಡುತ್ತೇನೆ, ಬಹಳ ಸಂತೋಷವಾಗಿದೆ, ನೆರಳಿದೆ, ಎರಡು ಗಂಟೆಯ ಬಸ್ಸು ಹೋದರೆ ನಾಲ್ಕರ ಬಸ್ಸಿದೆ, ಉಳಿದಿರುವುದು ಈ ಒಂದನೇ ಕಾರ್ಡು, ಹೌದು ಎಂದೂ ಇಲ್ಲ ಎಂದೂ ಎರಡು ಖಾಲಿ ಚೌಕ, ಬಾಯಲ್ಲಿ ಹೇಳಿದ್ದನ್ನು ಮಾತ್ರ ಬರೀರಿ, ಬರೆಯುತ್ತೇನೆ ಸಾರ್, ಬಾಯಿ ಇಲ್ಲೇ ಇದೆ, ನನ್ನಿಂದ ಒಂದು ಮೊಳ ದೂರದಲ್ಲಿ, ಆ ನೊಣ ತಿರುಗಿ ಬಂತು, ಕೊಡೆಯ ತುದಿಯಿಂದ ಓಡಿಸಿದೆ, ಕೆಳಗಿನ ಸಾಲಿನಲ್ಲಿ ಒಂದು ಹಲ್ಲಿಲ್ಲ, ಆ ಸಂದಿನಿಂದ ಉಸಿರು ಹೋಗಿ ಬಂದು ಹೋಗಿ ಬಂದು, ಪೆನ್ಸಿಲ್ ಇಲ್ಲ ಎಂಬ ಚೌಕದ ಮೇಲೆ ನಿಂತಿದೆ, ತೆರೆದ ಬಾಯಿ, ತುಟಿಯ ಮೂಲೆಯಲ್ಲಿ ಒಣಗಿದ ಮಣ್ಣು, ನಿದ್ದೆ ತಡವಾಗುತ್ತದೆಯೇ ಎಂದು ಕೇಳಿದ್ದಕ್ಕೆ ಇನ್ನೇನು ಹೇಳಬೇಕು ಅದು, ತೆರೆದ ಬಾಯಿ, ಉಸಿರು, ಆ ಬಾಯಿ —